ಹಸಿರು ಅಕ್ಷರದ ‘ಆತು’

ಹೇಸಿಕೆಯಾದಾಗ ಅವರ ಮೂಗಿನ ಎಡಬದಿ ಮಾತ್ರ ಮೇಲೇರುತ್ತಿತ್ತು. ಬಲಬದಿ ಇದ್ದಲ್ಲೇ ಇರುತ್ತಿತ್ತು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಅದರಿಂದ ಏನನ್ನೂ ಒರೆಸದೆ, ಸುಮ್ಮನೆ ಮುಷ್ಟಿಯಲ್ಲಿ ಹಿಡಿದುಕೊಂಡು “ಹೇಸಿಕಿ” ಅನ್ನುತ್ತಿದ್ದರು. ಒಂದೇ ಸಲ. ಎರಡನೇ ಸಲ ಅಂದದ್ದನ್ನು ನಾನು ಕೇಳಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬರಹದಲ್ಲಿ ಅವರ ಹೆಸರು ಬರುವುದು ಅವರ ಮನೆಯವರಿಗೆ ಸೇರಲಿಕ್ಕಿಲ್ಲ. ಬನಹಟ್ಟಿಯಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಮಾಸ್ತರು ಎಂದೇ ಬರೆಯುತ್ತೇನೆ.

ಜಮಖಂಡಿಯ ಕಾಲೇಜೊಂದರಲ್ಲಿ ಅವರು ನಮಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಲ್ಯಾಬಿಗೆ ಹೋಗುವ ಮೆಟ್ಟಿಲುಗಳ ಮೂಲೆಯಲ್ಲಿ ಗುಟ್ಕಾ ಉಗುಳಿ ಉಗುಳಿ ಗೋಡೆ ಮೊಣಕಾಲಿನವರೆಗೆ ಕೆಂಪಾಗಿತ್ತು. ಮಾಸ್ತರು ಮೆಟ್ಟಿಲ ನಟ್ಟನಡುವೆ, ಎರಡೂ ಗೋಡೆಗಳಿಂದ ಸಮಾನ ದೂರದಲ್ಲಿ, ಹಗ್ಗದ ಮೇಲೆ ನಡೆಯುವವರಂತೆ ಏರುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಕೀಲಿಮಣೆಯ ಮೇಲೆ ಸುಣ್ಣದ ಬೆರಳಚ್ಚು ಕಂಡರೆ ಆ ಕಂಪ್ಯೂಟರನ್ನು ಅಂದು ಮುಟ್ಟುತ್ತಿರಲಿಲ್ಲ. ಆದರೆ ಅವರ ಹೇಸಿಕೆ ಎಂಜಲು ಕೊಳೆಗಷ್ಟೇ ಎಂದುಕೊಂಡಿದ್ದು ನಮ್ಮ ದಡ್ಡತನ. ಒಮ್ಮೆ ನಮ್ಮ ಜರ್ನಲ್‌ಗಳನ್ನೆಲ್ಲ ತಿದ್ದಲು ಒಯ್ದವರು ಮರುದಿನ ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದರು. ಎಲ್ಲರೂ ಒಬ್ಬನದನ್ನೇ ನೋಡಿ ಬರೆದಿದ್ದೆವು. ಅವನು ಹನ್ನೊಂದನೇ ಸಾಲಿನಲ್ಲಿ ಒಂದು ಆವರಣ ಚಿಹ್ನೆ ಮರೆತಿದ್ದ. ನಾವೂ ಮರೆತಿದ್ದೆವು.

“ಇಡೀ ಕ್ಲಾಸಿಗೆ ಒಂದ ತಪ್ಪು,” ಎಂದರು. ಮೂಗು ಏರಿತ್ತು. “ತಪ್ಪರೇ ನಿಮ್ಮ ಸ್ವಂತದ್ದು ಮಾಡ್ರೆಲೇ.”

ಹ್ಯಾಸ್ಕೆಲ್ ಎಂಬ ಭಾಷೆ ನಮ್ಮ ಪಠ್ಯದಲ್ಲಿ ಇರಲೇ ಇಲ್ಲ. ಆದರೂ ಶನಿವಾರದ ಕೊನೆಯ ತಾಸಿನಲ್ಲಿ ಅದನ್ನೇ ಹಿಡಿದು ಕೂರುತ್ತಿದ್ದರು. ಅದರಲ್ಲಿ ಪ್ರೋಗ್ರಾಮ್ ಎಂದರೆ ಒಂದರ ನಂತರ ಒಂದು ಮಾಡುವ ಕೆಲಸಗಳ ಪಟ್ಟಿಯಲ್ಲ, ಬರೀ ಫಂಕ್ಷನ್‌ಗಳು. ಕೊಟ್ಟದ್ದಕ್ಕೆ ಉತ್ತರ ಕೊಡುವುದು, ಬೇರೇನನ್ನೂ ಮುಟ್ಟದಿರುವುದು.

“ಎರಡ ಕೊಟ್ರ ನಾಕ ಕೊಡತೈತಿ ಅಂದ್ರ, ನಾಳೆ ಕೊಟ್ರೂ ನಾಕ, ಅಮಾಸಿ ದಿನ ಕೊಟ್ರೂ ನಾಕ. ಸಾಹೇಬ್ರು ಬಂದಾರಂತ ಐದ ಆಗಂಗಿಲ್ಲ,” ಎನ್ನುತ್ತಿದ್ದರು. “ಫೈಲ್ ಬರಿಯೂದು, ಪ್ರಿಂಟ್ ಹೊಡಿಯೂದು, ಬ್ಯಾರೆ ಪ್ರೋಗ್ರಾಮಿಗೆ ಕೆಲಸ ಹೇಳೂದು, ಇದೆಲ್ಲಾ ಹೊರಗಿನ ಹೊಲಸು. ಬ್ಯಾಡ ಅನ್ನಾಕ ಬರಂಗಿಲ್ಲ, ಅದರ ಸಲುವಾಗೇ ನಾವು ಪ್ರೋಗ್ರಾಮ್ ಬರಿಯೂದು. ಆದ್ರ ಅದನ್ನ ಬಾಗಲದಾಗ ನಿಲ್ಲಿಸಿ ಮಾತಾಡಸ್ರಿ. ಒಳಗ ಬಿಟ್ಕೋಬ್ಯಾಡ್ರಿ.”

“ಪರೀಕ್ಷಾದಾಗ ಬರತೈತೇನ್ರಿ ಸರ್ ಇದು?” ಎಂದು ಯಾರೋ ಕೇಳಿದರು.

“ಇಲ್ಲ.”

ನಾವು ನೋಟ್‌ಬುಕ್ ಮುಚ್ಚಿದೆವು. ಅವರು ಹಲಗೆಗೆ ಮುಖ ಮಾಡಿ ಬರೆಯುತ್ತಲೇ ಹೋದರು. ನಾನು ನೋಟ್‌ಬುಕ್ ಅರ್ಧ ಮುಚ್ಚಿದ್ದೆ. ಅದೊಂದೇ ಕಾರಣಕ್ಕೆ ಮುಂದೆ ನನ್ನನ್ನು ತಮ್ಮ ಶಿಷ್ಯ ಎಂದುಕೊಂಡರು ಅಂತ ಕಾಣುತ್ತದೆ.

ಅವರ ಊರು ಬೀಳಗಿ ಕಡೆಯದು. ಆಣೆಕಟ್ಟಿನ ಹಿನ್ನೀರು ಬಂದಾಗ ಎದ್ದು ಬಂದವರು. ಹಳೆಯದನ್ನೆಲ್ಲ ಉಳಿಸಿಡಬೇಕು, ಯಾರು ಏನನ್ನು ಬದಲಿಸಿದರೆಂಬುದು ಗೊತ್ತಿರಬೇಕು ಎಂಬ ಅವರ ಹಟಕ್ಕೆ ಇದೇ ಮೂಲವಿರಬೇಕೆಂದು ನಾನು ದೊಡ್ಡ ಮನಃಶಾಸ್ತ್ರಜ್ಞನ ಹಾಗೆ ಒಮ್ಮೆ ಕೇಳಿದೆ. “ಊರು ಮುಳುಗಿದ್ದಕ್ಕ ನಿಮಗ ಇದೊಂದು ಹುಚ್ಚು ಹತ್ತಿರಬೇಕಲ್ರಿ ಸರ್?”

“ನಮ್ಮ ಮನಿ ಮುಂದ ಒಂದು ಗಟಾರ ಇತ್ತು,” ಎಂದರು. “ಅದು ಮುಳಗಿದ್ದು ಛಲೋ ಆತು. ನನಗ ಹೊಲಸು ಕೆಲಸ ಕಂಡ್ರ ಹೇಸಿಕಿ ಬರತೈತಿ, ಅಷ್ಟ. ಅದಕ್ಕ ಕಥಿ ಕಟ್ಟಬ್ಯಾಡ.”

ಪದವಿ ಮುಗಿಸಿ ನಾನು ಬನಹಟ್ಟಿಗೆ ಬಂದೆ. ಎರಡು ಸಾವಿರದ ಹತ್ತರ ಆಸುಪಾಸು. ಸಾವಕಾರರೆಂದು ಎಲ್ಲರೂ ಕರೆಯುವ ಬಟ್ಟೆ ವ್ಯಾಪಾರಿಯೊಬ್ಬರ ಡಿಸೈನ್ ಕೋಣೆಯಲ್ಲಿ ಕೆಲಸ. ಕೆಳಗೆ ಅಂಗಡಿ, ಹಿಂದೆ ವಿದ್ಯುತ್ ಮಗ್ಗಗಳು, ಮೇಲೆ ನಮ್ಮ ಮೂರು ಕಂಪ್ಯೂಟರ್. ಸೀರೆಯ ದಡಿ, ಸೆರಗಿನ ಚಿತ್ತಾರಗಳನ್ನು ನಾವು ಪರದೆಯ ಮೇಲೆ ಚೌಕ ಚೌಕವಾಗಿ ತುಂಬಿ, ಚಿತ್ತಾರ ನೇಯುವ ಜಕಾರ್ಡ್ ಮಗ್ಗಕ್ಕೆ ಕಳಿಸಬೇಕು. ಮಗ್ಗಗಳ ಸದ್ದಿಗೆ ಮೇಜಿನ ಮೇಲಿನ ನೀರು ಸದಾ ನಡುಗುತ್ತಿತ್ತು. ಒಂದೊಂದು ಚಿತ್ತಾರಕ್ಕೆ ಐದಾರು ಫೈಲು. ‘ನವಿಲು ಫೈನಲ್’, ‘ನವಿಲು ಫೈನಲ್ ಹೊಸಾದು’, ‘ನವಿಲು ಖರೇ ಫೈನಲ್’. ಯಾವುದು ಖರೆಯೆಂದು ಯಾರಿಗೂ ಗೊತ್ತಿಲ್ಲ. ಹೀಗೇ ಒಮ್ಮೆ ತಪ್ಪು ಫೈಲು ಹೋಗಿ, ತಲೆಯಿಲ್ಲದ ನವಿಲುಗಳು ಎರಡು ದಿನ ನೇಯ್ಗೆಯಾಗಿ ಬಂದವು. ಸಾವಕಾರರು ಸೆರಗನ್ನು ನನ್ನ ಮುಖಕ್ಕೆ ಹಿಡಿದರು.

“ಏನಲೇ ಇದು? ನವಲೋ, ಕ್ವಾಳಿ ಅಂಗಡ್ಯಾಗ ತೂಗಹಾಕಿದ್ದೋ?”

ಆಗ ನಾನೇ ಮಾಸ್ತರ ಹೆಸರು ಹೇಳಿದ್ದು. ಜಮಖಂಡಿಯ ಕಾಲೇಜಿನಲ್ಲಿ ಹುಡುಗರು ಸಾಲದೆ ಆ ವಿಭಾಗ ಮುಚ್ಚಿ ಅವರು ಮನೆಯಲ್ಲಿದ್ದರು. ನಾನೇ ಹೋಗಿ ಕರೆದುಕೊಂಡು ಬಂದೆ. ಅವರಿಗೆ ಆದದ್ದೆಲ್ಲ ನಾನು ಕರೆದದ್ದರಿಂದ ಶುರುವಾಯಿತು.

ಮೊದಲ ದಿನ ನನ್ನ ಪಕ್ಕ ಕೂತು ಫೈಲುಗಳ ಹೆಸರು ಒಂದೊಂದಾಗಿ ಓದಿದರು. ಕರವಸ್ತ್ರ ಹೊರಗೆ ಬಂತು. “ಹೇಸಿಕಿ.”

ಗಿಟ್ ಎಂಬ ತಂತ್ರಾಂಶವನ್ನು ಅವರು ನಮಗೆ ಕಲಿಸಿದರು. ಒಂದು ಫೈಲನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದನ್ನು ಅದು ಬದಲಾವಣೆಯ ಸಮೇತ ಉಳಿಸಿಕೊಳ್ಳುತ್ತದೆ. ಯಾವ ಹಳೆಯ ರೂಪ ಬೇಕೆಂದರೂ ತೆಗೆದು ಕೊಡುತ್ತದೆ. ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕು, ಒಂದು ಬಿಟ್ಟರೆ ಇನ್ನೊಂದು ಕೆಡುತ್ತದೆ. ನಮ್ಮವರು ಮೂರೇ ದಿನಕ್ಕೆ ಕೈಬಿಟ್ಟರು. ಮಾಸ್ತರು ಬೈಯಲಿಲ್ಲ. ಒಂದು ತಿಂಗಳು ಕೂತು ಹ್ಯಾಸ್ಕೆಲ್‌ನಲ್ಲಿ ಒಂದು ಪ್ರೋಗ್ರಾಮ್ ಬರೆದರು. ಪರದೆಯ ಮೇಲೆ ಮೂರೇ ಗುಂಡಿ: ಇಡು, ತಗಿ, ತೋರ್ಸು. ‘ಇಡು’ ಒತ್ತಿದರೆ ಆ ಪ್ರೋಗ್ರಾಮ್ ನಮ್ಮ ಪರವಾಗಿ ಗಿಟ್‌ಗೆ ಒಂದೊಂದೇ ಆಜ್ಞೆ ಕೊಟ್ಟು, ಚಿತ್ತಾರವನ್ನು ದಾಖಲಿಸಿ, ಮುಖ್ಯ ಕಂಪ್ಯೂಟರಿಗೆ ಕಳಿಸಿ, ನಮ್ಮ ಮುಂದಿನ ಕಂಪ್ಯೂಟರಿನ ಪ್ರತಿಯನ್ನು ಅಳಿಸಿಬಿಡುತ್ತಿತ್ತು. ಅಳಿಸುವುದೇಕೆಂದು ಕೇಳಿದ್ದಕ್ಕೆ, “ಉಳಿಸಿದ್ರ ನೀವು ಮತ್ತ ಖರೇ ಫೈನಲ್ ಹುಟ್ಟಸ್ತೀರಿ,” ಎಂದರು.

ಆ ಪ್ರೋಗ್ರಾಮಿನ ಒಂದು ಭಾಗವನ್ನು ನನ್ನನ್ನು ಕೂರಿಸಿಕೊಂಡು ವಿವರಿಸಿದ್ದರು. ಗಿಟ್‌ಗೆ ಒಂದು ಆಜ್ಞೆ ಕೊಟ್ಟರೆ ಮೂರು ವಸ್ತು ಮರಳಿ ಬರುತ್ತವೆ. ಒಂದು ಅಂಕಿ, ಗಿಟ್ ಹೇಳಿದ ಮಾತು, ಗಿಟ್ ಮಾಡಿದ ದೂರು. ಅಂಕಿ ಸೊನ್ನೆಯಾಗಿದ್ದರೆ ಕೆಲಸ ಆಗಿದೆ ಎಂದರ್ಥ. ಬೇರೆ ಯಾವ ಅಂಕಿ ಬಂದರೂ ಆಗಿಲ್ಲ.

“ಮಂದಿ ಆಜ್ಞಾ ಕೊಡತಾರ, ಉತ್ತರ ಕೇಳಂಗಿಲ್ಲ,” ಎಂದರು. “ಇಲ್ಲಿ ಹಂಗ ನಡಿಯಂಗಿಲ್ಲ. ಆದ್ರ ಏನು, ಆಗದಿದ್ರ ಏನು, ಎರಡೂ ಬರೀಬೇಕು. ಒಂದ ಬರದು ಬಿಟ್ರ ಈ ಭಾಷಾನ ತಕರಾರ ಮಾಡತೈತಿ.”

ಸೊನ್ನೆ ಬಂದರೆ ಹಸಿರು ಅಕ್ಷರದಲ್ಲಿ ‘ಆತು’ ಎಂದು ಬರುತ್ತಿತ್ತು. ಬೇರೆ ಬಂದರೆ ಕೆಂಪಿನಲ್ಲಿ ‘ಆಗಲಿಲ್ಲ’ ಎಂದು ಬಂದು, ಅಲ್ಲಿಗೇ ಎಲ್ಲ ನಿಲ್ಲುತ್ತಿತ್ತು. ಏನನ್ನೂ ಅಳಿಸುತ್ತಿರಲಿಲ್ಲ.

ಆ ಕೋಣೆಗೆ ಗುರಪ್ಪಜ್ಜ ಬಂದದ್ದು ಇದಾದ ವರ್ಷಕ್ಕೆ. ರಬಕವಿಯ ನೇಕಾರ ಮನೆತನದ ಮುದುಕ. ಐವತ್ತು ವರ್ಷ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಸೀರೆಯ ದಡಿಗಳನ್ನು ಬರೆದವನು. ಅವನ ಹಾಳೆಗಳು ಸಾವಕಾರರ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದವು. ಹುಳ ಹತ್ತಿತ್ತು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ ದೂರದ ಗಿರಾಕಿಗಳಿಗೆ ತೋರಿಸಬೇಕೆಂದು ಸಾವಕಾರರಿಗೆ ಮನಸ್ಸಾಯಿತು. ನಾವು ಏರಿಸುತ್ತೇವೆಂದರೆ ಅಜ್ಜ ಒಪ್ಪಲಿಲ್ಲ. “ನನ್ನ ಎಳಿ ನಿಮಗ ತಿಳಿಯಂಗಿಲ್ಲ,” ಎಂದ. ಆ ವಯಸ್ಸಿನಲ್ಲಿ ಮೌಸ್ ಹಿಡಿಯಲು ಕಲಿತ. ಕಲಿಸಿದವರು ಮಾಸ್ತರು. ಮುದುಕನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಒತ್ತಿಸುತ್ತಿದ್ದರು. ಅಜ್ಜ ಎಲೆ ಅಡಿಕೆ ಹಾಕುತ್ತಿದ್ದ, ಬಾಯಂಚಿಗೆ ಕೆಂಪು ಇರುತ್ತಿತ್ತು. ಮಾಸ್ತರ ಮೂಗು ಅವನ ಮುಂದೆ ಒಮ್ಮೆಯೂ ಏರಲಿಲ್ಲ. ಇಬ್ಬರೂ ಮಧ್ಯಾಹ್ನ ಒಂದೇ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದರು.

ಈಗ ನಾನು ಮಾಡಿದ್ದನ್ನು ಬರೆಯಬೇಕು.

ಮೌಸ್ ಕೈಗೆ ಹತ್ತಿದ ಮೇಲೆ ಅಜ್ಜ ಕೆಲಸ ಶುರುಮಾಡುವ ವಾರ ಮಾಸ್ತರು ಊರಲ್ಲಿರಲಿಲ್ಲ. ಮುಧೋಳದಲ್ಲಿ ಅವರ ಅತ್ತೆಗೆ ಹುಷಾರಿಲ್ಲವೆಂದು ಹೋಗಿದ್ದರು. ಅದೇ ವಾರ ಹೊರಗಿನಿಂದ ನಾಲ್ವರು ಗಿರಾಕಿಗಳು ನಮ್ಮ ಕೋಣೆ ನೋಡಲು ಬರುವವರಿದ್ದರು. ಸಾವಕಾರರು ಹಿಂದಿನ ದಿನ ತಾವೇ ಕೂತು ಗುಂಡಿ ಒತ್ತಿ ನೋಡಿದರು. ಚಿತ್ತಾರದಲ್ಲಿ ಏನೂ ಬದಲಿಸದೆ ‘ಇಡು’ ಒತ್ತಿದರು. ಬದಲಾವಣೆಯೇ ಇಲ್ಲದಿದ್ದರೆ ಗಿಟ್ ದಾಖಲಿಸುವುದೇನನ್ನು? ಸೊನ್ನೆಯ ಬದಲು ಒಂದು ಎಂಬ ಅಂಕಿ ಕೊಟ್ಟಿತು. ಪರದೆಯ ಮೇಲೆ ಕೆಂಪು. ಮತ್ತೆ ಒತ್ತಿದರು. ಮತ್ತೆ ಕೆಂಪು.

“ಏನಿದು ಅಪಶಕುನ? ಬಂದವರ ಮುಂದ ಹಿಂಗ ಕೆಂಪ ಬಂದ್ರ ಏನಂತಾರ? ತಗಿ ಅದನ್ನ.”

“ಮಾಸ್ತರು ಬರಲಿ ತಡೀರಿ, ಸೋಮವಾರ ಬರತಾರ.”

“ನಿನಗ ಬರಂಗಿಲ್ಲೇನು? ಬರಂಗಿಲ್ಲ ಅಂದ್ರ ಹೇಳು, ಬರೂವರನ್ನ ತರೂಣು.”

ಬರುತ್ತದೆ ಎಂದು ತೋರಿಸಬೇಕಿತ್ತು ನನಗೆ. ಸರಿಯಾಗಿ ಮಾಡುವುದೂ ಕಷ್ಟವಿರಲಿಲ್ಲ. ಬದಲಾವಣೆ ಇಲ್ಲ ಎಂಬ ಆ ಒಂದು ದೂರನ್ನು ಬೇರೆ ಮಾಡಿ, ಉಳಿದದ್ದಕ್ಕೆ ಕೆಂಪನ್ನು ಹಾಗೇ ಬಿಡಬಹುದಿತ್ತು. ಅದಕ್ಕೆ ಅರ್ಧ ದಿನ ಓದಬೇಕು. ನಾನು ಓದಲಿಲ್ಲ. ‘ಆಗದಿದ್ದರೆ’ ಎಂಬ ಸಾಲಿನ ಮುಂದೆ ಇದ್ದುದನ್ನು ಅಳಿಸಿ, ‘ಆದರೆ’ ಎಂಬಲ್ಲಿ ಇದ್ದುದನ್ನೇ ಅಲ್ಲಿ ಅಂಟಿಸಿದೆ. ಎರಡೂ ದಾರಿ ಬರೆದಿದ್ದೇನಲ್ಲ, ಭಾಷೆ ತಕರಾರು ಮಾಡಲಿಲ್ಲ. ಅಲ್ಲಿಂದ ಮುಂದೆ ಗಿಟ್ ಏನೇ ಹೇಳಲಿ ಹಸಿರು ಅಕ್ಷರ ಬರುತ್ತಿತ್ತು, ನಮ್ಮ ಮುಂದಿನ ಕಂಪ್ಯೂಟರಿನ ಪ್ರತಿಯೂ ಅಳಿಯುತ್ತಿತ್ತು. ಆ ಪ್ರೋಗ್ರಾಮಿನ ಬದಲಾವಣೆಗಳನ್ನೂ ಮಾಸ್ತರು ಗಿಟ್‌ನಲ್ಲೇ ಇಟ್ಟಿದ್ದರು. ಬದಲಿಸಿದ್ದೇಕೆ ಎಂದು ಕಾರಣ ಬರೆಯುವ ಜಾಗದಲ್ಲಿ ‘ಸಣ್ಣ ತಿದ್ದುಪಡಿ’ ಎಂದು ಬರೆದೆ.

ಎರಡು ದಿನ ಬಿಟ್ಟು ಅಜ್ಜನಿಗಾಗಿ ಹೊಸ ಕಂಪ್ಯೂಟರ್ ಬಂತು. ಅದನ್ನು ಜೋಡಿಸಿದವನೂ ನಾನೇ. ಯಾವ ಕಂಪ್ಯೂಟರಿನಲ್ಲೇ ಆಗಲಿ, ಕೆಲಸ ಮಾಡುವವರ ಹೆಸರನ್ನು ಮೊದಲು ಗಿಟ್‌ಗೆ ತಿಳಿಸಬೇಕು. ತಿಳಿಸದಿದ್ದರೆ ಅದು ದಾಖಲಿಸಲು ಒಪ್ಪುವುದಿಲ್ಲ, ನೀವು ಯಾರೆಂದು ದಯವಿಟ್ಟು ಹೇಳಿ ಎಂದು ದೂರು ಕೊಡುತ್ತದೆ. ನಾನು ಮರೆತೆ. ಕೆಂಪು ಅಕ್ಷರ ಇದ್ದಿದ್ದರೆ ಮೊದಲ ದಿನವೇ ಮರೆತದ್ದು ಗೊತ್ತಾಗುತ್ತಿತ್ತು.

ಸೋಮವಾರ ಮಾಸ್ತರು ಬಂದರು. ಬಸ್ಸಿನ ಧೂಳು ಒರೆಸಿಕೊಳ್ಳುತ್ತ, “ಏನರೇ ತ್ರಾಸ ಆತೇನು ನಾ ಇಲ್ಲದಾಗ?” ಎಂದು ಕೇಳಿದರು.

“ಏನಿಲ್ರಿ ಸರ್,” ಎಂದೆ.

ನಾಲ್ಕು ತಿಂಗಳು ಅಜ್ಜ ದಿನವೂ ಒಂದೋ ಎರಡೋ ಹಾಳೆ ತುಂಬಿದ. ಪರಾಸ ದಡಿ, ಗೋಮಿ ದಡಿ, ತನ್ನ ಅಪ್ಪನಿಂದ ಬಂದ ಒಂದು ಕಮಲ, ತೀರಿಹೋದ ಹೆಂಡತಿಗೆಂದೇ ಬರೆದು ಯಾರಿಗೂ ನೇಯಲು ಕೊಡದ ಒಂದು ಬಳ್ಳಿ. ಮುಗಿದ ಮೇಲೆ ‘ಇಡು’ ಒತ್ತಿ, ಹಸಿರು ಅಕ್ಷರವನ್ನು ಗಟ್ಟಿಯಾಗಿ ಓದಿ, ಹಾಳೆಯನ್ನು ಮೇಜಿನ ಕೆಳಗಿನ ಪೆಟ್ಟಿಗೆಗೆ ಹಾಕುತ್ತಿದ್ದ. ಗಿಟ್ ದಿನವೂ ನೀನು ಯಾರೆಂದು ಕೇಳುತ್ತಿತ್ತು. ಪ್ರೋಗ್ರಾಮ್ ಆ ಪ್ರಶ್ನೆಯನ್ನು ನುಂಗಿಕೊಂಡು, ಅವನ ದಿನದ ದುಡಿಮೆಯನ್ನು ಅಳಿಸಿ, ಅವನಿಗೆ ‘ಆತು’ ಎನ್ನುತ್ತಿತ್ತು. ಇಟ್ಟದ್ದನ್ನು ಮತ್ತೆ ತೆಗೆದು ನೋಡಬೇಕೆಂದು ಅಜ್ಜನಿಗೆ ಅನಿಸಲೇ ಇಲ್ಲ. ಮಾಸ್ತರಿಗೂ ಅನಿಸಲಿಲ್ಲ. ತಾವು ಬರೆದ ಸಾಲು ತಾವು ಬರೆದಂತೆಯೇ ಇದೆಯೆಂದು ನಂಬಿದ್ದರು. ನಾಲ್ಕನೇ ತಿಂಗಳು ಸಾವಕಾರರು ಅಟ್ಟ ಖಾಲಿ ಮಾಡಿಸಿದರು. ಅಜ್ಜನನ್ನು ಕೇಳಿಯೇ ಮಾಡಿಸಿದರು. “ಎಲ್ಲಾ ಇದರಾಗ ಹೋಗೇತಲ್ಲ, ಇನ್ನ ಹುಳದ ಹಾಳಿ ಯಾಕ ಬೇಕು,” ಎಂದು ಅಜ್ಜನೇ ಅಂದ. ಟ್ರಂಕು, ಪೆಟ್ಟಿಗೆ ಎರಡೂ ರದ್ದಿಯವನ ಗಾಡಿ ಏರಿದವು.

ಹದಿನೈದು ದಿನದ ಮೇಲೆ ಒಬ್ಬ ಗಿರಾಕಿ ಹಳೆಯ ಕಮಲದ ದಡಿ ಬೇಕೆಂದ. ಅಜ್ಜ ಹೆಮ್ಮೆಯಿಂದ ಮೊದಲ ಬಾರಿಗೆ ‘ತೋರ್ಸು’ ಒತ್ತಿದ. ನಮ್ಮೆಲ್ಲರ ಚಿತ್ತಾರಗಳು ಬಂದವು. ಅವನದು ಒಂದೂ ಬರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಒತ್ತಿದ.

ಸಾವಕಾರರು ಮೇಲೆ ಬಂದರು. “ಮಾಸ್ತರ, ನಿಮ್ಮ ಪ್ರೋಗ್ರಾಮ್ ಎಲ್ಲಾ ನುಂಗೇತಿ ನೋಡ್ರಿ.”

“ತಡೀರಿ, ನೋಡತೇನಿ,” ಎಂದು ಮಾಸ್ತರು ಕೂತರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಪ್ರೋಗ್ರಾಮಿನ ಸಾಲುಗಳನ್ನು ತೆರೆದರು. ಪ್ರತಿ ಸಾಲನ್ನು ಕೊನೆಗೆ ಮುಟ್ಟಿದವರು ಯಾರೆಂದು ಗಿಟ್‌ಗೆ ಕೇಳಿದರು. ಎಲ್ಲ ಸಾಲುಗಳ ಮುಂದೆ ಅವರ ಹೆಸರು. ನಡುವೆ ಒಂದರ ಮುಂದೆ ನನ್ನದು. ತಾರೀಖು, ಹೊತ್ತು, ‘ಸಣ್ಣ ತಿದ್ದುಪಡಿ’. ಅವರು ಅದನ್ನು ಎಷ್ಟು ಹೊತ್ತು ನೋಡಿದರೋ. ಆಮೇಲೆ ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. ಕರವಸ್ತ್ರ ತೆಗೆಯಲಿಲ್ಲ. ತೆಗೆದಿದ್ದರೆ ಒಳ್ಳೆಯದಿತ್ತು.

“ಏನ ಆಗೇತ್ರಿ?” ಎಂದರು ಸಾವಕಾರರು. ಕೆಂಪನ್ನು ತೆಗೆಸಿದ್ದು ಅವರಿಗೆ ನೆನಪಿತ್ತು. ಇತ್ತೆಂದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು.

“ಒಂದು ಸಾಲು ತಿದ್ದ್ಯಾರ. ಯಾರು ತಿದ್ದ್ಯಾರ ಅನ್ನೂದು ಇದರಾಗ ಐತಿ,” ಎಂದರು ಮಾಸ್ತರು. “ಅವರು ತಾವಾಗೇ ಹೇಳಲಿ.”

ಕೆಳಗೆ ಮಗ್ಗಗಳು ನಡೆಯುತ್ತಿದ್ದವು. ಸಾವಕಾರರು ಮುಂದೆ ಕೇಳಲಿಲ್ಲ. ನಾನು ಹೇಳಲಿಲ್ಲ. ಬಾಯಿ ತೆರೆದರೆ ಕೆಲಸ ಹೋಗುತ್ತದೆ ಎಂಬ ಲೆಕ್ಕವನ್ನು ಅಷ್ಟರಲ್ಲಿ ಎರಡು ಸಲ ಹಾಕಿದ್ದೆ. ಅಜ್ಜ ಖಾಲಿ ಪರದೆಯ ಮುಂದೆ ಕೂತೇ ಇದ್ದ. “ಬಳ್ಳಿನೂ ಹೋತೇನ?” ಎಂದು ಯಾರನ್ನೂ ನೋಡದೆ ಕೇಳಿದ.

“ಹೋತ್ರಿ ಅಜ್ಜಾರ,” ಎಂದರು ಮಾಸ್ತರು. “ನಾನೂ ಒಮ್ಮೆ ನೋಡಬೇಕಿತ್ತು. ನೋಡಲಿಲ್ಲ. ಅಷ್ಟು ನಂದ ತಪ್ಪು.” ಮತ್ತೂ ಸ್ವಲ್ಪ ಕಾದರು. ಆಮೇಲೆ ಡಬ್ಬಿ ಎತ್ತಿಕೊಂಡು, ಅಜ್ಜನ ತೋಳು ಹಿಡಿದು ಎಬ್ಬಿಸಿ, ಇಬ್ಬರೂ ಮೆಟ್ಟಿಲು ಇಳಿದು ಹೋದರು.

ಮರುದಿನದಿಂದ ಅವರು ಬರಲಿಲ್ಲ. ‘ಮಾಸ್ತರ ಪ್ರೋಗ್ರಾಮ್ ಮುದುಕನ ಜೀವಮಾನ ನುಂಗಿತು’ ಎಂದು ಸಾವಕಾರರು ಬನಹಟ್ಟಿಯ ತುಂಬ ಹೇಳಿಕೊಂಡು ಬಂದರು. ಬೇರೆ ಯಾವ ಅಂಗಡಿಯವರೂ ಅವರನ್ನು ಕರೆಯಲಿಲ್ಲ. ಅವರ ಕುರ್ಚಿ ಸಾವಕಾರರು ನನಗೆ ಕೊಟ್ಟರು. ಕೂತೆ. ವಾರ ಕಳೆದು ಬಸ್ ನಿಲ್ದಾಣದ ಗಾಡಿಯಲ್ಲಿ ಮಿರ್ಚಿ ಭಜಿ ತೆಗೆದುಕೊಂಡೆ. ಅರ್ಧ ತಿಂದ ಮೇಲೆ ಕಂಡಿತು, ಭಜಿ ಕಟ್ಟಿಕೊಟ್ಟ ಕಾಗದ ಗ್ರಾಫ್ ಹಾಳೆಯದು. ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಪೆನ್ಸಿಲಿನ ಚೌಕಗಳು, ಒಂದು ಬಳ್ಳಿಯ ತುದಿ. ಅಜ್ಜನ ಹೆಂಡತಿಯ ಬಳ್ಳಿಯೋ ಬೇರೆಯದೋ ಹೇಳಲಾರೆ. ಗಾಡಿಯವನ ಬಳಿ ಇನ್ನಷ್ಟು ಇವೆಯೇ ಎಂದು ಕೇಳಬಹುದಿತ್ತು. ರದ್ದಿಯವನನ್ನು ಹುಡುಕಬಹುದಿತ್ತು. ಹುಡುಕಿದರೆ ಹುಡುಕಿದ್ದೇಕೆ ಎಂದು ಜನ ಕೇಳುತ್ತಾರೆ. ಆ ಕಾಗದಕ್ಕೇ ಬೆರಳು ಒರೆಸಿ, ಉಂಡೆ ಮಾಡಿ, ಗಟಾರಕ್ಕೆ ಎಸೆದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಬರೆಯುವಾಗ ಬಾಯಲ್ಲಿ ಆ ಎಣ್ಣೆಯ ರುಚಿ ಬರುತ್ತಿದೆ.

ಮಾಸ್ತರು ಜಮಖಂಡಿಯಲ್ಲಿ ಮನೆಪಾಠ ಹೇಳತೊಡಗಿದರು ಎಂದು ಕೇಳಿದೆ. ಸಂತೆಯಿಲ್ಲದ ದಿನ ರಬಕವಿಗೆ ಬರುತ್ತಾರೆಂದೂ ಕೇಳಿದೆ. ಒಮ್ಮೆ ಕಣ್ಣಾರೆ ಕಂಡೆ. ಒಂದು ಮನೆಯ ಕಟ್ಟೆಯ ಮೇಲೆ ಹಳೆಯ ಸೀರೆಯೊಂದನ್ನು ಹರವಿಕೊಂಡು ಅಜ್ಜ ಭೂತಗನ್ನಡಿ ಹಿಡಿದು ಎಳೆ ಎಣಿಸಿ ಹೇಳುತ್ತಿದ್ದ, ಮಾಸ್ತರು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಚೌಕ ತುಂಬುತ್ತಿದ್ದರು. ಅಜ್ಜನ ದಡಿ ನೇಯ್ದ ಸೀರೆಗಳು ಯಾರ ಯಾರ ಮನೆಯ ಪೆಟ್ಟಿಗೆಯಲ್ಲಿವೆಯೋ ಅವನ್ನು ಕೇಳಿ ತೆಗೆಸಿ, ಬಟ್ಟೆಯಿಂದ ಹಾಳೆಯ ಕಡೆಗೆ ಹಿಮ್ಮುಖವಾಗಿ ಹೊರಟಿದ್ದರು. ಮನೆಯ ಹೆಂಗಸು ಬಾಗಿಲಲ್ಲಿ ನಿಂತು, “ಇದು ನಮ್ಮವ್ವನ ಮದವಿ ಸೀರಿ, ಜ್ವಾಕಿರೀ,” ಎನ್ನುತ್ತಿದ್ದಳು. ಮಾಸ್ತರು ಕೈ ಒರೆಸಿಕೊಂಡು ಸೆರಗು ಮುಟ್ಟಿದರು. ನಾನು ಬೈಕು ತಿರುಗಿಸಿಕೊಂಡು ಬೇರೆ ಓಣಿಯಲ್ಲಿ ಹೋದೆ.

ಮೂರು ವರ್ಷದ ಮೇಲೆ ಅವರು ತೀರಿಕೊಂಡರು. ಕಾಮಾಲೆ ಎಂದರು. ಐವತ್ತೂ ತುಂಬಿರಲಿಲ್ಲ. ಸುದ್ದಿ ತಡವಾಗಿ ಬಂತು, ನಾನು ಹೋದದ್ದು ಹತ್ತು ದಿನ ಕಳೆದ ಮೇಲೆ. ಮನೆಯಲ್ಲಿ ಅವರ ಹೆಂಡತಿ ಇದ್ದರು. ಪ್ರಾಥಮಿಕ ಶಾಲೆಯ ಶಿಕ್ಷಕಿ, ನಾವೆಲ್ಲ ಅಕ್ಕಾರ ಎನ್ನುತ್ತಿದ್ದೆವು. ಗೋಡೆಗೆ ಒರಗಿ ಗುರಪ್ಪಜ್ಜ ಕೂತಿದ್ದ.

“ನೀವು ಬಂದದ್ದು ಛಲೋ ಆತ್ರಿ,” ಎಂದರು ಅಕ್ಕಾರು. “ದವಾಖಾನಿಗೆ ಹೋಗೂ ಮುಂದ ಒಂದು ಚಿತ್ರ ಅರ್ಧ ಮಾಡಿ ಬಿಟ್ಟಾರ. ಅದನ್ನ ಇಟ್ಟಾರೋ ಇಲ್ಲೋ ತಿಳಿಯವಲ್ತು. ನೀವ ಅವರ ಕಡೆ ಕಲ್ತವರು, ನಿಮಗ ಗೊತ್ತಾಗತೈತಿ.”

ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. ಚಹಾ ಮಾಡಲು ಒಳಗೆ ಹೋದರು. ಅವರಿಗೆ ಏನೂ ಗೊತ್ತಿಲ್ಲ ಎಂಬುದು ಅವರ ದನಿಯಲ್ಲೇ ತಿಳಿಯುತ್ತಿತ್ತು. ಮನೆಯಲ್ಲೂ ಮಾಸ್ತರು ಹೇಳಿರಲಿಲ್ಲ.

ತೆರೆದೆ. ಅದೇ ಪ್ರೋಗ್ರಾಮ್. ದಾಖಲೆಗಳ ಪಟ್ಟಿ ಕೆಳಗೆ ಕೆಳಗೆ ಹೋಯಿತು. ನೂರಕ್ಕೂ ಮೀರಿ ದಡಿಗಳು. ಪ್ರತಿಯೊಂದರ ಮುಂದೆ ಬರೆದವರ ಹೆಸರು ಎಂಬಲ್ಲಿ ಮಾಸ್ತರದಲ್ಲ, ಗುರಪ್ಪಜ್ಜನ ಹೆಸರಿತ್ತು. ಕಾರಣ ಬರೆಯುವ ಜಾಗದಲ್ಲಿ ಯಾವ ಓಣಿ, ಯಾರ ಮನೆ, ಯಾರ ಸೀರೆ ಎಂದು ಪೂರ್ತಿ ಬರೆದಿದ್ದರು. ಪಟ್ಟಿಯ ಬುಡದಲ್ಲಿ, ಎಲ್ಲಕ್ಕಿಂತ ಮೊದಲು ದಾಖಲಾದದ್ದು ಚಿತ್ತಾರವಾಗಿರಲಿಲ್ಲ, ಪ್ರೋಗ್ರಾಮಿನ ಒಂದು ಸಾಲು. ನಾನು ಕೆಡಿಸಿದ ಸಾಲನ್ನು ಅವರು ಮೊದಲಿನಂತೆ ಮಾಡಿದ್ದರು. ಕಾರಣ ಎಂಬಲ್ಲಿ ನನ್ನ ಹೆಸರಿರಲಿಲ್ಲ, ಬೈಗುಳವಿರಲಿಲ್ಲ. ‘ಕೆಟ್ಟಿತ್ತು, ಸರಿ ಮಾಡಿದೆ’ ಎಂದಷ್ಟೇ ಇತ್ತು.

ಅಕ್ಕಾರು ಚಹಾ ತಂದಿಟ್ಟರು. ಆಗ ಹೇಳಿದೆ. ಧೈರ್ಯದಿಂದ ಹೇಳಿದೆನೆಂದು ಯಾರೂ ತಿಳಿಯಬೇಡಿ. ಹೊಟ್ಟೆಯಲ್ಲಿದ್ದದ್ದು ತಡೆಯಲಾಗದೆ ಕಕ್ಕಿಕೊಂಡ ಹಾಗೆ ಬಂತು. ಕೆಂಪು ತೆಗೆದದ್ದು ನಾನು, ಅಜ್ಜನ ಹೆಸರು ತಿಳಿಸಲು ಮರೆತದ್ದು ನಾನು, ಅವತ್ತು ಬೆನ್ನ ಹಿಂದೆ ಸುಮ್ಮನೆ ನಿಂತದ್ದು ನಾನು.

ಅಕ್ಕಾರು ಅಜ್ಜನ ಕಡೆ ನೋಡಿದರು.

“ನನಗ ಅವತ್ತ ಗೊತ್ತಾಗಿತ್ತು, ಇವನ ಮಾರಿ ನೋಡಿ,” ಎಂದ ಅಜ್ಜ. “ನಿನ್ನ ಗಂಡಗ ಕೇಳಿದ್ನಿ, ಹೇಳಿ ಬಿಡಬಾರದೇನೋ ಅಂತ. ‘ಅವ ತಾನ ಬಂದು ಹೇಳತಾನ ಅಜ್ಜಾ, ನನ್ನ ಹುಡುಗ ಅವ,’ ಅಂದ. ಮೂರು ವರ್ಷ ಅದನ್ನ ಅನಕೋಂತ ಕುಂತ.”

ಅಕ್ಕಾರು ಕೈ ಚಾಚಿ ನನ್ನ ಮುಂದಿನ ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎತ್ತಿ, ಮುಚ್ಚಿ, ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

“ಹಂಗಾರ ನೀವು ಇದನ್ನ ಮುಟ್ಟಬ್ಯಾಡ್ರಿ,” ಎಂದರು. ದನಿ ಏರಿರಲಿಲ್ಲ. “ನಾನ ಕಲ್ತು ಮಾಡತೇನಿ. ಅಜ್ಜಾರು ಅದಾರಲ್ಲ, ಹೇಳತಾರ.”

ಎದ್ದು ನಿಂತೆ. ಚಹಾ ಕುಡಿದು ಹೋಗ್ರಿ ಎಂದರು. ಮಾಡಿದ್ದು ಚೆಲ್ಲಬಾರದಲ್ಲ ಎಂಬುದಕ್ಕಿಂತ ಹೆಚ್ಚೇನೂ ಆ ಮಾತಿನಲ್ಲಿರಲಿಲ್ಲ. ನಿಂತೇ ಕುಡಿದೆ. ಆರಿಹೋಗಿತ್ತು, ಕೆನೆ ತುಟಿಗೆ ಹತ್ತಿತು. ಇಬ್ಬರೂ ನನ್ನನ್ನು ನೋಡುತ್ತಿದ್ದರು. ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಬಂದೆ.

ಅಕ್ಕಾರು ಆಮೇಲೆ ಅಜ್ಜನ ಜೊತೆ ಕೂತು ಉಳಿದ ದಡಿಗಳನ್ನೆಲ್ಲ ಮುಗಿಸಿದರಂತೆ. ನಾನು ಮಾಡಿದ ಹೊಲಸಿನಲ್ಲಿ ಬಹಳಷ್ಟಕ್ಕೆ ಈಗ ಕಾರಣ ಹೇಳಬಲ್ಲೆ. ಅಂಜಿಕೆ, ಸೋಮಾರಿತನ, ಹೊಟ್ಟೆಪಾಡು. ಆ ಚಹಾ ಕುಡಿದದ್ದೇಕೆ ಎಂಬುದಕ್ಕೆ ಮಾತ್ರ ಯಾವ ಕಾರಣವೂ ಸಿಗುವುದಿಲ್ಲ.